ಕರಾಟೆ ಕಲಿಯದ ಕರಾಟೆ ಕಿಂಗ್

ಸಿಂದಗಿಯಂತಹ ಊರಿನ ಜನ ಯಾರನ್ನು ಮೆಚ್ಚುತ್ತಾರೆ ಎಂದು ತಿಳಿಯಬೇಕಾದರೆ ಆಟೋರಿಕ್ಷಾಗಳ ಹಿಂಬದಿಯನ್ನು ಓದಬೇಕು. ಒಂದರ ಮೇಲೆ 786, ಇನ್ನೊಂದರ ಮೇಲೆ ಬಸವಣ್ಣ, ಮತ್ತೊಂದರ ಮೇಲೆ ಅಂಬೇಡ್ಕರ್, ಮಗದೊಂದರ ಮೇಲೆ ಸಂಗೊಳ್ಳಿ ರಾಯಣ್ಣ. ಯಾರ ಆಟೋ ಯಾರದೆಂದು ದೂರದಿಂದಲೇ ಗುರುತಿಸಬಹುದು. ಆದರೆ ಈ ಎಲ್ಲ ಬಗೆಯ ಆಟೋಗಳ ಮೇಲೂ ಹಂಗಿಲ್ಲದೆ ಕೂತಿರುವ ಒಂದು ಮುಖವಿದೆ. ಕೆದರಿದ ಕೂದಲು, ಕುರುಚಲು ಗಡ್ಡ, ಎಲ್ಲಿಗೋ ಹೊರಡುವ ಅವಸರದಲ್ಲಿರುವಂತೆ ಕಾಣುವ ಕಣ್ಣು. ಶಂಕರ್ ನಾಗ್ ತೀರಿಕೊಂಡದ್ದು 1990ರಲ್ಲಿ. ಇಂದು ಆ ಚಿತ್ರ ಅಂಟಿಸಿಕೊಂಡು ಓಡಾಡುವ ಹುಡುಗರಲ್ಲಿ ಬಹುಪಾಲು ಮಂದಿ ಆಗ ಹುಟ್ಟಿರಲೇ ಇಲ್ಲ. ಆದರೂ ಕೇಳಿದರೆ ಹೇಳುತ್ತಾರೆ: ‘ಕರಾಟೆ ಕಿಂಗ್’.

ಈ ಬಿರುದಿನಲ್ಲಿ ಒಂದು ತಮಾಷೆಯಿದೆ. ಶಂಕರ್ ನಾಗ್ ಕರಾಟೆಯನ್ನು ಕ್ರಮವಾಗಿ ಕಲಿತವರಲ್ಲ. ಗುರುವಿನ ಬಳಿ ವರ್ಷಗಟ್ಟಲೆ ಬೆವರು ಸುರಿಸಿ, ಬಿಳಿ ಬೆಲ್ಟಿನಿಂದ ಕಪ್ಪು ಬೆಲ್ಟಿಗೆ ಏರಿದ ಮನುಷ್ಯ ಅವರಲ್ಲ. ಅವರು ರಂಗಭೂಮಿಯಿಂದ ಬಂದವರು. ಕಲಿಯದ ವಿದ್ಯೆಯ ಅರಸನಾಗಿ ಒಬ್ಬ ನಟನನ್ನು ಜನ ಪಟ್ಟಕ್ಕೇರಿಸಿದ್ದು ಹೇಗೆ? ಮೂವತ್ತು ವರ್ಷಗಳ ಮೇಲೂ ಆ ಪಟ್ಟ ಇಳಿಯದೆ ಉಳಿದದ್ದು ಯಾಕೆ? ಅಭಿಮಾನಿಗಳಿಗೆ ಇದು ಪ್ರಶ್ನೆಯೇ ಅಲ್ಲ. ನಮ್ಮ ವಿಮರ್ಶಕರಿಗೂ ಇದು ಪ್ರಶ್ನೆಯಾದಂತೆ ಕಾಣದು. ಅವರು ಶಂಕರ್ ನಾಗ್ ಅವರನ್ನು ‘ಆ್ಯಕ್ಸಿಡೆಂಟ್’ ಮತ್ತು ‘ಮಾಲ್ಗುಡಿ ಡೇಸ್’ಗಳ ನಿರ್ದೇಶಕ ಎಂದು ಹೊಗಳಿ, ಹೊಡೆದಾಟದ ಚಿತ್ರಗಳನ್ನು ಹೊಟ್ಟೆಪಾಡಿನ ಲೆಕ್ಕಕ್ಕೆ ಬರೆದು ಕೈತೊಳೆದುಕೊಂಡಿದ್ದಾರೆ. ಆಟೋದ ಹಿಂದೆ ಅಂಟಿರುವುದು ಮಾತ್ರ ನಿರ್ದೇಶಕನ ಮುಖವಲ್ಲ, ಹೊಡೆದಾಡುವವನ ಮುಖ. ಅದನ್ನು ಬಿಟ್ಟು ಅವರನ್ನು ಅರ್ಥಮಾಡಿಕೊಳ್ಳಲು ಹೊರಟರೆ ಅರ್ಧ ಮನುಷ್ಯ ಮಾತ್ರ ಸಿಗುತ್ತಾನೆ.

ಮೊದಲು ಕರಾಟೆ ಎಂಬ ಮಾತು ನಮ್ಮ ಕಡೆಗೆ ಬಂದ ದಾರಿಯನ್ನು ನೋಡಬೇಕು. ಅದು ಬಂದದ್ದು ಜಪಾನಿನಿಂದಲ್ಲ, ಬ್ರೂಸ್ ಲೀ ಎಂಬ ಚೀನೀ ನಟನ ಬೆನ್ನು ಹತ್ತಿ. ಆತ ಆಡುತ್ತಿದ್ದದ್ದು ಕರಾಟೆಯೂ ಅಲ್ಲ. ಹಾಂಕಾಂಗಿನಲ್ಲಿ ಇಪ್ ಮ್ಯಾನ್ ಎಂಬ ಗುರುವಿನ ಬಳಿ ವಿಂಗ್ ಚುನ್ ಎಂಬ ಕುಂಗ್‌ಫು ಪದ್ಧತಿಯನ್ನು ಕಲಿತು, ಅದಕ್ಕೆ ತನ್ನದನ್ನು ಸೇರಿಸಿ ಹೊಸದೊಂದು ವಿಧಾನ ಕಟ್ಟಿಕೊಂಡವನು. 1940ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಹುಟ್ಟಿ, 1973ರ ಜುಲೈ 20ರಂದು ಹಾಂಕಾಂಗಿನಲ್ಲಿ ತನ್ನ 32ನೇ ವಯಸ್ಸಿನಲ್ಲೇ ತೀರಿಕೊಂಡ. ಜಗತ್ತೆಲ್ಲ ನೋಡಿದ ‘ಎಂಟರ್ ದಿ ಡ್ರ್ಯಾಗನ್’ ಬಿಡುಗಡೆಯಾದದ್ದು ಆತ ಸತ್ತ ಮುಂದಿನ ತಿಂಗಳು. ನಮ್ಮೂರುಗಳಲ್ಲಿ ಕೈ ಚಾಕುವಿನಂತೆ ಚಾಚಿ ನಿಂತರೆ ಅದು ಕರಾಟೆ. ಚೀನಾ ಜಪಾನುಗಳ ವ್ಯತ್ಯಾಸ ಯಾರಿಗೂ ಬೇಕಾಗಿರಲಿಲ್ಲ.

ಬೇಕಾಗಿದ್ದದ್ದು ಬೇರೆ. ಬ್ರೂಸ್ ಲೀಯ ಚಿತ್ರಗಳಲ್ಲಿ ಹೊಡೆಯುವವನು ಯಾರು, ಹೊಡೆಸಿಕೊಳ್ಳುವವನು ಯಾರು ಎಂದು ಗಮನಿಸಿದರೆ ಇದು ತಿಳಿಯುತ್ತದೆ. 1971ರ ‘ದಿ ಬಿಗ್ ಬಾಸ್’ನಲ್ಲಿ ಆತ ಹೊಟ್ಟೆಪಾಡಿಗೆಂದು ಥಾಯ್ಲೆಂಡಿಗೆ ಬಂದು ಮಂಜುಗಡ್ಡೆಯ ಕಾರ್ಖಾನೆ ಸೇರಿದ ಕೂಲಿ. ಜಗಳವಾಡುವುದಿಲ್ಲ ಎಂದು ತಾಯಿಗೆ ಮಾತು ಕೊಟ್ಟು ಬಂದವನು. ಜೊತೆಯ ಕೂಲಿಗಳು ಒಬ್ಬೊಬ್ಬರಾಗಿ ಕಾಣೆಯಾದಾಗ ಆ ಮಾತು ಮುರಿಯುತ್ತದೆ. 1972ರ ‘ಫಿಸ್ಟ್ ಆಫ್ ಫ್ಯೂರಿ’ಯಲ್ಲಿ ಶಾಂಘೈ ನಗರದ ಉದ್ಯಾನದ ಬಾಗಿಲಲ್ಲಿ ನಾಯಿಗಳಿಗೂ ಚೀನೀಯರಿಗೂ ಪ್ರವೇಶವಿಲ್ಲ ಎಂಬ ಫಲಕ ತೂಗುತ್ತಿರುತ್ತದೆ. ಆತ ಅದನ್ನು ಒದ್ದು ಒಡೆಯುತ್ತಾನೆ. ಯಾವ ಭಾಷೆಯೂ ಬೇಡ, ಆ ಒದೆತ ಎಲ್ಲರಿಗೂ ಅರ್ಥವಾಗುತ್ತದೆ. ಅಮೆರಿಕದ ಕರಿಯರ ಕೇರಿಗಳಲ್ಲಿ, ಆಫ್ರಿಕಾದಲ್ಲಿ, ಅರಬ್ ನಾಡುಗಳಲ್ಲಿ, ನಮ್ಮ ಟೂರಿಂಗ್ ಟಾಕೀಸುಗಳಲ್ಲಿ ಆತ ಏಕಕಾಲಕ್ಕೆ ನಮ್ಮವನಾದದ್ದು ಹೀಗೆ. ಆತನ ಶಿಷ್ಯರಲ್ಲಿ ಒಬ್ಬ, ಇಸ್ಲಾಂ ಸ್ವೀಕರಿಸಿ ಹೆಸರು ಬದಲಿಸಿಕೊಂಡ ಬಾಸ್ಕೆಟ್‌ಬಾಲ್ ಆಟಗಾರ ಕರೀಮ್ ಅಬ್ದುಲ್ ಜಬ್ಬಾರ್. ಏಳಡಿಗೂ ಮೀರಿದ ಆ ಆಳಿನೊಡನೆ ಬ್ರೂಸ್ ಲೀ ಸೆಣಸುವ ದೃಶ್ಯವನ್ನು ಚಿತ್ರೀಕರಿಸಿದ್ದು 1972ರಲ್ಲಿ. ಜನ ಅದನ್ನು ‘ಗೇಮ್ ಆಫ್ ಡೆತ್’ನಲ್ಲಿ ನೋಡಿದ್ದು 1978ರಲ್ಲಿ. ಮೊಹಮ್ಮದ್ ಅಲಿಯ ಚಿತ್ರವನ್ನೂ ಬ್ರೂಸ್ ಲೀಯ ಚಿತ್ರವನ್ನೂ ಒಂದೇ ಗೋಡೆಗೆ ಹಚ್ಚಿದ ಮನೆಗಳು ನಮ್ಮಲ್ಲೂ ಇದ್ದವು. ಸಿನೆಮಾ ನೋಡುವುದೇ ಕೆಟ್ಟ ಚಾಳಿ ಎಂದು ಬೈಯುತ್ತಿದ್ದ ಹಿರಿಯರು ಕೂಡ ಈ ಎರಡು ಚಿತ್ರಗಳನ್ನು ಕಿತ್ತುಹಾಕುತ್ತಿರಲಿಲ್ಲ.

ಹಾಗೆಂದು ನಮ್ಮ ಸೀಮೆಗೆ ಮೈಯ ವಿದ್ಯೆ ಹೊಸದಾಗಿರಲಿಲ್ಲ. ಸಿಂದಗಿ, ಇಂಡಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಸುತ್ತ ಗರಡಿಮನೆಗೆ ಇನ್ನೊಂದು ಹೆಸರು ತಾಲೀಮು. ಅರಬ್ಬಿಯ ತಾಲೀಮ್ ಎಂದರೆ ಶಿಕ್ಷಣ. ಉರ್ದುವಿನಲ್ಲಿ ಮದರಸಾದ ಓದಿಗೂ ಅದೇ ಮಾತು, ಕನ್ನಡದಲ್ಲಿ ಕೆಂಪು ಮಣ್ಣಿನ ಕುಸ್ತಿಗೂ ಅದೇ ಮಾತು. ಕಲಿಸುವವನು ಉಸ್ತಾದ, ಕಲಿತವನು ಪೈಲ್ವಾನ. ತಾಲೀಮಿನ ಒಳಗೆ ಹನುಮಂತ ದೇವರ ಚಿತ್ರವಿರುತ್ತದೆ. ಅದಕ್ಕೆ ಎದುರಾಗಿಯೇ ಮುಸ್ಲಿಂ ಉಸ್ತಾದ ಲಿಂಗಾಯತರ ಹುಡುಗನಿಗೆ ಪಟ್ಟು ಹೇಳಿಕೊಡುತ್ತಾನೆ. ಜಾತ್ರೆಯಲ್ಲೂ ಉರುಸಿನಲ್ಲೂ ‘ಭಾರೀ ಜಂಗೀ ನಿಕಾಲಿ ಕುಸ್ತಿಗಳು’ ಎಂಬ ಭಿತ್ತಿಪತ್ರ ಏಳುತ್ತದೆ. ನಿಕಾಲಿ ಎಂದರೆ ತೀರ್ಮಾನ ಕಾಣುವವರೆಗೆ ಬಿಡದ ಕುಸ್ತಿ. ಮೊಹರಮ್ಮಿನ ದಿನಗಳಲ್ಲಿ ಅಲಾಯಿ ಕುಣಿಯ ಸುತ್ತ ಹೆಜ್ಜೆ ಹಾಕಿ ಕರ್ಬಲಾದ ಕಾಳಗವನ್ನು ಕನ್ನಡದ ರಿವಾಯತ್ ಪದಗಳಲ್ಲಿ ಹಾಡುವವರಲ್ಲಿ ಎಲ್ಲ ಜಾತಿಯವರೂ ಇರುತ್ತಾರೆ. ವೀರ ಎಂದರೆ ಯಾರು, ಅವನು ಯಾತಕ್ಕೆ ಹೊಡೆದಾಡುತ್ತಾನೆ, ಯಾವಾಗ ಕೈ ತಗ್ಗಿಸುತ್ತಾನೆ ಎಂಬ ತಿಳಿವಳಿಕೆ ಸಿನೆಮಾ ಬರುವುದಕ್ಕೆ ಮುಂಚೆಯೇ ಈ ಜನರಲ್ಲಿತ್ತು.

ಆದರೆ ಪೈಲ್ವಾನನಾಗುವುದು ಖರ್ಚಿನ ಬಾಬತ್ತು. ಹಾಲು, ಬಾದಾಮಿ, ತುಪ್ಪ ಬೇಕು. ಕೂಲಿಯಿಲ್ಲದೆ ದಿನವಿಡೀ ಮೈಗೇ ಮೀಸಲಾಗಿರುವ ಬಿಡುವು ಬೇಕು. ಊರ ಗೌಡನೋ ದೊಡ್ಡ ಜಮೀನ್ದಾರನೋ ಬೆನ್ನಿಗಿರಬೇಕು. ಬರಗಾಲದ ಈ ಸೀಮೆಯಲ್ಲಿ ಗೋವಾಕ್ಕೆ, ಪುಣೆಗೆ, ಮುಂಬೈಗೆ ದುಡಿಯಲು ಹೋಗುವ ಮನೆಗಳ ಹುಡುಗರಿಗೆ ಅದೆಲ್ಲಿಂದ ಬರಬೇಕು? ಬ್ರೂಸ್ ಲೀ ಕಲಿಸಿದ್ದು ಬೇರೆಯೇ ಪಾಠ: ತೆಳ್ಳಗಿನ ಮೈಯವನೂ ಗೆಲ್ಲಬಹುದು. ಎದೆ ಸುತ್ತಳತೆ ಬೇಡ, ಚುರುಕು ಸಾಕು. ಶಂಕರ್ ನಾಗ್ ಕೂಡ ತೆಳ್ಳಗಿದ್ದರು. ಅವರ ಬಿರುದಿನ ಮೊದಲ ಗುಟ್ಟು ಇಲ್ಲಿದೆ ಎಂದು ನನ್ನ ಅನಿಸಿಕೆ.

ಅವರು ಹುಟ್ಟಿದ್ದು 1954ರ ನವೆಂಬರ್ 9ರಂದು, ಹೊನ್ನಾವರದ ಬಳಿಯ ಮಲ್ಲಾಪುರದಲ್ಲಿ. ಕೊಂಕಣಿ ಮಾತಾಡುವ ನಾಗರಕಟ್ಟೆ ಮನೆತನ. ಅಣ್ಣ ಅನಂತ್ ನಾಗ್ ಅವರಂತೆ ಮುಂಬೈಗೆ ಹೋಗಿ ಮರಾಠಿ ರಂಗಭೂಮಿಯಲ್ಲಿ ಪಳಗಿದರು. ಮುಂದೆ ಬಾಳಸಂಗಾತಿಯಾದ ಅರುಂಧತಿಯವರೂ ಅದೇ ರಂಗಭೂಮಿಯವರು. ಚಾಪೇಕರ್ ಸಹೋದರರ ಕುರಿತ ಮರಾಠಿ ಚಿತ್ರ ‘22 ಜೂನ್ 1897’ರ ಚಿತ್ರಕಥೆಯಲ್ಲಿ ಶಂಕರ್ ಅವರ ಕೈಯಿದೆ. ಕೊಂಕಣಿ, ಮರಾಠಿ, ಕನ್ನಡ, ಇಂಗ್ಲಿಷು ನಾಲ್ಕರಲ್ಲೂ ಸರಾಗವಾಗಿದ್ದ ಈ ನಗರದ ಹುಡುಗನನ್ನು ಕನ್ನಡ ಸಿನೆಮಾಕ್ಕೆ ತಂದದ್ದು ಗಿರೀಶ್ ಕಾರ್ನಾಡರ ‘ಒಂದಾನೊಂದು ಕಾಲದಲ್ಲಿ’, 1978ರಲ್ಲಿ.

ಈ ಚಿತ್ರದ ಬಳಿ ಸ್ವಲ್ಪ ಹೊತ್ತು ನಿಲ್ಲಬೇಕು. ಕನ್ನಡದಲ್ಲಿ ಇದಕ್ಕಿಂತ ಒಳ್ಳೆಯ ಕಾಳಗದ ಚಿತ್ರ ಮತ್ತೆ ಬಂದಿಲ್ಲ ಎಂದೇ ನಾನು ತಿಳಿದಿದ್ದೇನೆ. ಮಲೆನಾಡಿನ ಮಧ್ಯಕಾಲ. ಅಣ್ಣತಮ್ಮಂದಿರಾದ ಇಬ್ಬರು ಸಣ್ಣ ಪಾಳೆಯಗಾರರ ನಡುವೆ ವೈರ. ಗಂಡುಗಲಿ ಎಂಬ ಅಲೆಮಾರಿ ಸೈನಿಕ ಒಬ್ಬನ ಬಳಿ ಸಂಬಳಕ್ಕೆ ಸೇರುತ್ತಾನೆ. ಎದುರು ಪಕ್ಷದಲ್ಲಿ ಪೆರ್ಮಾಡಿ ಎಂಬ ಅನುಭವಿ ದಂಡನಾಯಕ. ಗಂಡುಗಲಿಯಾಗಿ ಶಂಕರ್ ನಾಗ್, ಪೆರ್ಮಾಡಿಯಾಗಿ ಸುಂದರ್ ಕೃಷ್ಣ ಅರಸ್. ಜಪಾನಿನ ಅಕಿರಾ ಕುರೋಸಾವಾನ ಸಮುರಾಯಿ ಚಿತ್ರಗಳ ಪ್ರಭಾವವನ್ನು ಕಾರ್ನಾಡರು ಮುಚ್ಚಿಟ್ಟುಕೊಂಡಿಲ್ಲ. (ಕುರೋಸಾವಾನ ‘ಸೆವೆನ್ ಸಮುರಾಯ್’ ಬಂದದ್ದು ಶಂಕರ್ ಹುಟ್ಟಿದ ವರ್ಷವೇ.) ಆದರೆ ತಂದದ್ದನ್ನು ನಮ್ಮ ಮಣ್ಣಿನಲ್ಲಿ ನೆಟ್ಟಿದ್ದಾರೆ. ಇಲ್ಲಿನ ಕತ್ತಿವರಸೆ, ಕೋಲುವರಸೆ ಕೇರಳದ ಕಳರಿಯ ನೆನಪು ತರುತ್ತವೆ. ಮಳೆ ಕುಡಿದ ನೆಲ, ಕಾಲು ಜಾರುವ ಕೆಸರು, ಕತ್ತಿ ಎತ್ತಿದವನ ಏದುಸಿರು ಇವೆಲ್ಲ ಕಾಳಗದ ಒಳಗೇ ಇವೆ.

ಗಂಡುಗಲಿಯ ಪಾತ್ರದ ವಿಶೇಷವೆಂದರೆ ಅವನಿಗೆ ಕಾಳಗ ಒಂದು ಕಸುಬು. ಧರ್ಮಕ್ಕಾಗಿ ಅಲ್ಲ, ನಾಡಿಗಾಗಿ ಅಲ್ಲ, ಹೆಣ್ಣಿನ ಮಾನಕ್ಕಾಗಿಯೂ ಅಲ್ಲ, ಊಟಕ್ಕಾಗಿ, ಸಂಬಳಕ್ಕಾಗಿ ಹೊಡೆದಾಡುತ್ತಾನೆ. ಯಜಮಾನ ನೀಚನೆಂದು ಅವನಿಗೆ ಗೊತ್ತು. ಎದುರಿನ ಪೆರ್ಮಾಡಿ ತನ್ನಂತೆಯೇ ಇನ್ನೊಬ್ಬನ ಮನೆಯ ಅನ್ನ ತಿಂದು ದುಡಿಯುವವನೆಂದೂ ಗೊತ್ತು. ಇಬ್ಬರು ಕುಶಲಿಗರು ಒಬ್ಬರನ್ನೊಬ್ಬರು ಕೊಲ್ಲಲು ಅಳೆಯುತ್ತ ಅಳೆಯುತ್ತ ಒಬ್ಬರನ್ನೊಬ್ಬರು ಗೌರವಿಸತೊಡಗುವುದು ಚಿತ್ರದ ಜೀವಾಳ. ವೈರ ಯಜಮಾನರದು, ರಕ್ತ ಆಳುಗಳದು ಎಂಬುದು ಇಬ್ಬರಿಗೂ ಹೊಳೆಯುತ್ತದೆ. ಕೋಮುಗಲಭೆಗಳಲ್ಲಿ ಯಾರು ಸಾಯುತ್ತಾರೆ, ಯಾರು ಜೈಲಿಗೆ ಹೋಗುತ್ತಾರೆ, ಯಾರು ಮನೆಯಲ್ಲಿ ಕೂತು ಹೇಳಿಕೆ ಕೊಡುತ್ತಾರೆ ಎಂಬುದನ್ನು ಕಂಡ ನಮಗೆ ಈ ಚಿತ್ರ ಹಳೆಯ ಕಾಲದ ಕಥೆಯಾಗಿ ಕಾಣುವುದಿಲ್ಲ.

1979ರ ಜನವರಿಯಲ್ಲಿ ದೆಹಲಿಯಲ್ಲಿ ನಡೆದ ಭಾರತದ ಅಂತಾರಾಷ್ಟ್ರೀಯ ಚಿತ್ರೋತ್ಸವದಲ್ಲಿ ಈ ಪಾತ್ರಕ್ಕಾಗಿ ಶಂಕರ್ ನಾಗ್ ಅತ್ಯುತ್ತಮ ನಟ ಪ್ರಶಸ್ತಿ ಪಡೆದರು. ಮೊದಲ ಕನ್ನಡ ಚಿತ್ರಕ್ಕೇ ರಜತ ಮಯೂರ. ಅಂತಹ ನಟನನ್ನು ಗಾಂಧಿನಗರ ಹೇಗೆ ಬಳಸಿಕೊಂಡಿತು? ಅದೇ ವರ್ಷ ಬಂದ ‘ಸೀತಾರಾಮು’ವಿನೊಂದಿಗೆ ಹೊಸ ಹೊಡೆದಾಟದ ನಾಯಕ ಸಿಕ್ಕ. ಕತ್ತಿ ಹೋಗಿ ಒದೆತ ಬಂತು, ಗಂಡುಗಲಿ ಹೋಗಿ ಕರಾಟೆ ಕಿಂಗ್ ಬಂದ. ಮುಂದಿನ ಹನ್ನೊಂದು ವರ್ಷಗಳಲ್ಲಿ ಅವರು ನಟಿಸಿದ ಚಿತ್ರಗಳು ಎಂಬತ್ತರ ಸುಮಾರು.

ಆ ಚಿತ್ರಗಳನ್ನು ಇಂದು ಮತ್ತೆ ನೋಡಿದರೆ ನಿಷ್ಠುರವಾಗಿ ಒಂದು ಮಾತು ಹೇಳಬೇಕಾಗುತ್ತದೆ. ಹೊಡೆದಾಟಗಳು ಚೆನ್ನಾಗಿಲ್ಲ. ಕಾಲು ಎತ್ತುವುದು ಒಂದು ತುಣುಕಿನಲ್ಲಿ, ಖಳ ಹಾರಿ ಬೀಳುವುದು ಇನ್ನೊಂದು ತುಣುಕಿನಲ್ಲಿ. ನಡುವೆ ‘ಡಿಶುಂ’ ಎಂಬ ಸದ್ದು. ಹಾಂಕಾಂಗ್ ಚಿತ್ರಗಳಲ್ಲಿ ಕ್ಯಾಮೆರಾ ದೂರ ನಿಂತು ಪೂರ್ತಿ ಮೈಯನ್ನು ತೋರಿಸುತ್ತದೆ, ಮೋಸವಿಲ್ಲ ನೋಡಿಕೊಳ್ಳಿ ಎಂಬಂತೆ. ಬ್ರೂಸ್ ಲೀಯ ಮೈ ಸುಳ್ಳು ಹೇಳಬೇಕಾದ ಅಗತ್ಯವಿರಲಿಲ್ಲ. ನಮ್ಮ ಚಿತ್ರಗಳಲ್ಲಿ ಕ್ಯಾಮೆರಾ ಹತ್ತಿರ ಬಂದು, ಅಲುಗಾಡಿ, ಮುಚ್ಚಿಡುತ್ತದೆ. ಕಥೆಗಳೂ ಅಷ್ಟಕ್ಕಷ್ಟೆ: ಕೊಲೆಯಾದ ತಂದೆ, ಕಳೆದುಹೋದ ತಮ್ಮ, ಕಳ್ಳಸಾಗಣೆಯ ಖಳ, ಕೊನೆಗೆ ಗೋಡೌನು. ಹೆಣ್ಣು ಪಾತ್ರಗಳ ಬಗ್ಗೆ ಹೇಳದಿರುವುದೇ ವಾಸಿ. ಈ ರಾಶಿಯಲ್ಲಿ ಹೆಕ್ಕಿ ಉಳಿಸಿಕೊಳ್ಳಬಹುದಾದವು ಕೈಬೆರಳೆಣಿಕೆಯವು.

ಆದರೆ ಅಷ್ಟು ಹೇಳಿ ಮುಗಿಸಿದರೆ ಜನ ನೋಡಿದ್ದನ್ನು ನಾವು ನೋಡಿದಂತಾಗುವುದಿಲ್ಲ. ಆಟೋ ಓಡಿಸುವ ನಡುವಯಸ್ಸಿನ ಪರಿಚಯದವರೊಬ್ಬರನ್ನು ಈ ಬಗ್ಗೆ ಕೇಳಿದೆ. ಕರಾಟೆ ಬರುತ್ತಿರಲಿಲ್ಲವಂತಲ್ಲ ಎಂದೆ. ಅವರು ನಕ್ಕು, ‘ಅದು ನಮಗ ಗೊತ್ತಿಲ್ಲೇನ್ರಿ ಸರ? ಅವನ ನಡಿಗಿ ನೋಡ್ರಿ. ಹೊಡಿಯೂದಕ್ಕಿಂತ ಮದ್ಲ ಹ್ಯಾಂಗ್ ಬರ್ತಾನ ನೋಡ್ರಿ’ ಎಂದರು. ವಿಮರ್ಶಕರು ಪುಟಗಟ್ಟಲೆ ಬರೆದರೂ ಹಿಡಿಯದ ಮಾತು ಇದು. ಶಂಕರ್ ನಾಗ್ ಅವರ ಹೊಡೆದಾಟ ಇದ್ದದ್ದು ಒದೆತದಲ್ಲಲ್ಲ, ನಡಿಗೆಯಲ್ಲಿ. ತುಸು ಮುಂದಕ್ಕೆ ಬಾಗಿದ ಮೈ, ಬೀಸುವ ಕೈ, ಮಾತು ಮುಗಿಯುವ ಮೊದಲೇ ತಿರುಗಿಬಿಡುವ ತಲೆ. ರಾಜ್‌ಕುಮಾರ್ ಅವರ ವೀರನಲ್ಲಿ ಪೌರಾಣಿಕ ನಾಟಕದ ಗಾಂಭೀರ್ಯವಿದೆ. ವಿಷ್ಣುವರ್ಧನ್ ಅವರ ವೀರನಲ್ಲಿ ಕೋಪ ಹೆಪ್ಪುಗಟ್ಟಿದೆ. ಪ್ರಭಾಕರ್ ಅವರದು ಕಟ್ಟುಮಸ್ತು ಮೈಯ ಭಾರ. ಶಂಕರ್ ಅವರ ವೀರನಲ್ಲಿ ಇರುವುದು ಅವಸರ. ದಿನದ ಬಾಡಿಗೆ ಕಟ್ಟಬೇಕಾದವನ, ಕೊನೆಯ ಬಸ್ಸು ಹಿಡಿಯಬೇಕಾದವನ ಅವಸರ ಅದು. ದುಡಿಯುವ ಮಂದಿ ಅದನ್ನು ತಮ್ಮದೆಂದು ಗುರುತಿಸಿದರು. ನಟ ರಂಗಭೂಮಿಯಲ್ಲಿ ಕಲಿತದ್ದು ಇಲ್ಲಿ ಕೆಲಸ ಮಾಡಿದೆ. ಕರಾಟೆ ಬಾರದವನು ಕರಾಟೆ ಬರುವವನ ಆತ್ಮವಿಶ್ವಾಸವನ್ನು ಅಭಿನಯಿಸಿದ್ದಾನೆ. ವಿದ್ಯೆಯನ್ನಲ್ಲ, ವಿದ್ಯೆಯಿಂದ ಬರುವ ನಿರ್ಭಯವನ್ನು.

1980ರ ‘ಆಟೋ ರಾಜ’ ಈ ಬಂಧವನ್ನು ಗಟ್ಟಿಮಾಡಿತು. ವಿಜಯ್ ನಿರ್ದೇಶನದ ಚಿತ್ರ, ಗಾಯತ್ರಿ ನಾಯಕಿ. ಚಿತ್ರ ಕಲೆಯ ಲೆಕ್ಕದಲ್ಲಿ ದೊಡ್ಡದೇನಲ್ಲ. ಆದರೆ ಆಟೋ ಚಾಲಕ ಎಂದರೆ ಜಗಳಗಂಟ, ಹೆಚ್ಚು ದುಡ್ಡು ಕೇಳುವವ ಎಂದು ಪೇಟೆ ಮೂಗು ಮುರಿಯುತ್ತಿದ್ದ ಕಾಲದಲ್ಲಿ ಖಾಕಿ ಅಂಗಿ ತೊಟ್ಟವನನ್ನು ರಾಜ ಎಂದು ಕರೆಯಿತು. ಬೆಂಗಳೂರಿನಿಂದ ಬೀದರಿನವರೆಗೆ ಶಂಕರ್ ನಾಗ್ ಹೆಸರಿನ ಆಟೋ ನಿಲ್ದಾಣಗಳು ಎದ್ದವು. ಅವರ ಹುಟ್ಟುಹಬ್ಬಕ್ಕೆ ಇಂದಿಗೂ ಚಾಲಕರು ದುಡ್ಡು ಕೂಡಿಸಿ ಸಿಹಿ ಹಂಚುತ್ತಾರೆ. ಕರ್ನಾಟಕದ ಪಟ್ಟಣಗಳಲ್ಲಿ ಮುಸ್ಲಿಂ ಯುವಕರು ಬಹಳಷ್ಟು ಸಂಖ್ಯೆಯಲ್ಲಿ ಇರುವ ಕಸುಬುಗಳಲ್ಲಿ ಆಟೋ ಓಡಿಸುವುದೂ ಒಂದು. ಸರ್ಕಾರಿ ನೌಕರಿ ಸಿಗದವನು, ಭೂಮಿಯಿಲ್ಲದವನು, ಓದು ಅರ್ಧಕ್ಕೆ ಬಿಟ್ಟವನು ಸಾಲ ಮಾಡಿ ಆಟೋ ಕೊಳ್ಳುತ್ತಾನೆ. ಅಂತಹವನಿಗೆ ಕನ್ನಡದ ಪ್ರತೀಕವೊಂದು ತನ್ನದಾಗಿ ದೊರೆತದ್ದು ಈ ಮುಖದಲ್ಲಿ. ರಾಜ್ಯೋತ್ಸವದಲ್ಲಿ ಕನ್ನಡ ಬಾವುಟ ಕಟ್ಟಿಕೊಂಡು ಶಂಕರ್ ನಾಗ್ ಚಿತ್ರದೊಂದಿಗೆ ಆಟೋ ಮೆರವಣಿಗೆ ಹೊರಡಿಸುವ ಹುಡುಗರಲ್ಲಿ ಮೆಹಬೂಬನೂ ಇರುತ್ತಾನೆ, ಮಲ್ಲಪ್ಪನೂ ಇರುತ್ತಾನೆ. ಕನ್ನಡತನವನ್ನು ಧರ್ಮದ ಅಳತೆಗೋಲಿನಿಂದ ಅಳೆಯುವವರು ಒಮ್ಮೆ ಆ ಮೆರವಣಿಗೆಯ ಹಿಂದೆ ಹೋಗಿ ನೋಡಬೇಕು.

ಇನ್ನು ಅವರೇ ನಿರ್ದೇಶಿಸಿದ ಚಿತ್ರಗಳ ಕಡೆ ತಿರುಗಿದರೆ ಕುತೂಹಲದ ಸಂಗತಿ ಕಾಣುತ್ತದೆ. ಅವುಗಳಲ್ಲಿ ಕರಾಟೆ ಕಿಂಗ್ ಇಲ್ಲವೇ ಇಲ್ಲ. ‘ಮಿಂಚಿನ ಓಟ’ (1980) ಕಾರು ಕಳ್ಳರ ಕಥೆ. ಅಣ್ಣತಮ್ಮಂದಿರ ಜೊತೆ ಲೋಕನಾಥ್. ಅಲ್ಲಿರುವುದು ಓಟ, ಹೊಡೆತವಲ್ಲ. ಓಡುವವರು ಗೆಲ್ಲುವವರೂ ಅಲ್ಲ. ‘ಗೀತಾ’ (1981) ರಕ್ತದ ಕ್ಯಾನ್ಸರಿಗೆ ಸಿಕ್ಕ ಹುಡುಗಿಯನ್ನು ಪ್ರೀತಿಸಿದವನ ಕಥೆ. ಇಳಯರಾಜಾ ಅವರ ಸಂಗೀತದಿಂದ ಇಂದಿಗೂ ಬದುಕಿದೆ. ಯಾವ ಒದೆತದಿಂದಲೂ ಉರುಳಿಸಲಾಗದ ಶತ್ರು ಅಲ್ಲಿರುವುದು. ‘ಆ್ಯಕ್ಸಿಡೆಂಟ್’ನಲ್ಲಿ ಅಧಿಕಾರಸ್ಥ ರಾಜಕಾರಣಿಯ ಮಗ ಅಮಲಿನಲ್ಲಿ ಕಾರು ಓಡಿಸಿ, ರಸ್ತೆಬದಿಯಲ್ಲಿ ಮಲಗಿದ್ದ ಕೂಲಿಕಾರರ ಮೇಲೆ ಹರಿಸುತ್ತಾನೆ. ತಂದೆಯ ಪಾತ್ರದಲ್ಲಿ ಅನಂತ್ ನಾಗ್, ಬದುಕುಳಿದ ಕೂಲಿಯಾಗಿ ರಮೇಶ್ ಭಟ್, ಸತ್ಯದ ಬೆನ್ನು ಹತ್ತುವ ಪತ್ರಕರ್ತನಾಗಿ ಶಂಕರ್. ಪೊಲೀಸು, ಪಕ್ಷ, ಪತ್ರಿಕೆ ಎಲ್ಲವೂ ಸೇರಿ ಪ್ರಕರಣವನ್ನು ಮುಚ್ಚಿಹಾಕುವ ಬಗೆಯನ್ನು ಚಿತ್ರ ಬಿಡಿಸಿ ಬಿಡಿಸಿ ತೋರಿಸುತ್ತದೆ. 1984ರ ಸಾಲಿನಲ್ಲಿ ಸಾಮಾಜಿಕ ವಿಷಯದ ಚಿತ್ರಕ್ಕೆ ಮೀಸಲಾದ ರಾಷ್ಟ್ರಪ್ರಶಸ್ತಿ ಇದಕ್ಕೆ ಬಂತು. ಬೇರೆಯವರ ಚಿತ್ರದಲ್ಲಾಗಿದ್ದರೆ ಇದೇ ನಟ ರಾಜಕಾರಣಿಯ ಬಂಗಲೆಗೆ ನುಗ್ಗಿ ಹತ್ತು ಜನರನ್ನು ಉರುಳಿಸಿ ನ್ಯಾಯ ತೀರಿಸುತ್ತಿದ್ದ. ತನ್ನ ಚಿತ್ರದಲ್ಲಿ ಕೈಯೆತ್ತುವುದಿಲ್ಲ. ಪ್ರೇಕ್ಷಕರಿಗೆ ತಾನು ದಿನವೂ ಮಾರುತ್ತಿದ್ದ ಪರಿಹಾರವನ್ನು ಸ್ವತಃ ಅವರು ನಂಬಿರಲಿಲ್ಲ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ. 1986ರಲ್ಲಿ ದೂರದರ್ಶನದಲ್ಲಿ ಬಂದ, ಆಗುಂಬೆಯಲ್ಲಿ ಚಿತ್ರೀಕರಿಸಿದ ‘ಮಾಲ್ಗುಡಿ ಡೇಸ್’ ಬಗ್ಗೆ ಬರೆಯಲು ಏನೂ ಉಳಿದಿಲ್ಲ. ಅಷ್ಟು ಬರೆದಾಗಿದೆ.

ಎರಡು ಕೈಗಳಲ್ಲಿ ಎರಡು ಬಗೆಯ ಸಿನೆಮಾ. ಒಂದರಲ್ಲಿ ದುಡಿದು ಇನ್ನೊಂದಕ್ಕೆ ಸುರಿದರು, ಸಂಕೇತ್ ತಂಡದ ನಾಟಕಗಳಿಗೆ, ಧ್ವನಿಮುದ್ರಣದ ಸ್ಟುಡಿಯೋಕ್ಕೆ ಹಾಕಿದರು ಎಂದು ಎಲ್ಲರೂ ಹೊಗಳುತ್ತಾರೆ. ಹೊಗಳಿಕೆ ಸಲ್ಲತಕ್ಕದ್ದೇ. ಆದರೆ ಆ ದುಡಿಮೆಯ ಚಿತ್ರಗಳು ಸಮಾಜದೊಳಗೆ ಏನನ್ನು ಬಿತ್ತಿದವು ಎಂದೂ ಕೇಳಬೇಕು. ಎಂಬತ್ತರ ದಶಕದ ಮೊದಲಲ್ಲಿ ಆಟೋ ಚಾಲಕನಾಗಿದ್ದ ನಾಯಕ ದಶಕದ ಕೊನೆಗೆ ಪೊಲೀಸ್ ಅಧಿಕಾರಿಯಾದ. ಪಿ. ನಂಜುಂಡಪ್ಪ ನಿರ್ದೇಶನದ ‘ಸಾಂಗ್ಲಿಯಾನ’ (1988), ‘ಸಿಬಿಐ ಶಂಕರ್’ (1989), ‘ಎಸ್.ಪಿ. ಸಾಂಗ್ಲಿಯಾನ ಭಾಗ 2’ (1990). ಅಂಗಿಯ ಬಣ್ಣ ಎರಡೂ ಕಡೆ ಖಾಕಿಯೇ. ಆದರೆ ಒಂದು ಖಾಕಿ ಲಾಠಿ ತಿನ್ನುವುದು, ಇನ್ನೊಂದು ಖಾಕಿ ಲಾಠಿ ಬೀಸುವುದು.

ಸಾಂಗ್ಲಿಯಾನ ಎಂಬುದು ಕಲ್ಪಿತ ಹೆಸರಲ್ಲ. ಮಿಜೋರಾಂನಿಂದ ಬಂದು ಕರ್ನಾಟಕದಲ್ಲಿ ಸೇವೆ ಸಲ್ಲಿಸಿದ ಐಪಿಎಸ್ ಅಧಿಕಾರಿ ಎಚ್.ಟಿ. ಸಾಂಗ್ಲಿಯಾನ ಅವರದು. ಈಶಾನ್ಯದ ಗುಡ್ಡಗಾಡಿನ ಕ್ರೈಸ್ತರೊಬ್ಬರ ಹೆಸರನ್ನು ಕನ್ನಡದ ನಾಯಕನಿಗೆ ಇಟ್ಟರು. ಕನ್ನಡದ ಜನ ಅದನ್ನು ತುಂಬುಬಾಯಿಂದ ಕೂಗಿ ಶಿಳ್ಳೆ ಹೊಡೆದರು. ಈಶಾನ್ಯದ ಹುಡುಗರನ್ನು ಬೆಂಗಳೂರಿನ ಬೀದಿಗಳಲ್ಲಿ ಕಣ್ಣಿನ ಆಕಾರ ನೋಡಿ ಗೇಲಿ ಮಾಡುವುದನ್ನು, 2012ರಲ್ಲಿ ವದಂತಿಗೆ ಹೆದರಿ ಅವರು ರೈಲುಗಟ್ಟಲೆ ಊರು ಬಿಟ್ಟದ್ದನ್ನು ನೆನೆದರೆ ಆ ಶಿಳ್ಳೆ ಒಂದು ಬೆಲೆಬಾಳುವ ದಾಖಲೆ ಎನಿಸುತ್ತದೆ. ಇದರ ಇನ್ನೊಂದು ಮಗ್ಗುಲೂ ಇದೆ. ನಿವೃತ್ತರಾದ ಸಾಂಗ್ಲಿಯಾನ 2004ರ ಲೋಕಸಭಾ ಚುನಾವಣೆಯಲ್ಲಿ ಬೆಂಗಳೂರು ಉತ್ತರದಿಂದ ಬಿಜೆಪಿ ಅಭ್ಯರ್ಥಿಯಾಗಿ ನಿಂತು, ರೈಲ್ವೆ ಮಂತ್ರಿಯಾಗಿದ್ದ ಸಿ.ಕೆ. ಜಾಫರ್ ಷರೀಫ್ ಅವರನ್ನು ಸೋಲಿಸಿದರು. ಆ ಗೆಲುವಿಗೆ ಕಾರಣಗಳು ಹಲವಿರಬಹುದು. ಆದರೆ ಮತದಾರರ ಕಿವಿಯಲ್ಲಿ ಆ ಹೆಸರಿಗೆ ಶಂಕರ್ ನಾಗ್ ಅವರ ಮುಖ ಅಂಟಿತ್ತು ಎಂಬುದರಲ್ಲಿ ನನಗೆ ಅನುಮಾನವಿಲ್ಲ. 2008ರ ವಿಶ್ವಾಸಮತದಲ್ಲಿ ಪಕ್ಷದ ಆಜ್ಞೆ ಮೀರಿ ಮನಮೋಹನ್ ಸಿಂಗ್ ಸರ್ಕಾರದ ಪರ ಮತ ಹಾಕಿ ಅವರು ಬಿಜೆಪಿಯಿಂದ ಉಚ್ಚಾಟನೆಗೊಂಡರು. 2009ರಲ್ಲಿ ಕಾಂಗ್ರೆಸ್ಸಿನಿಂದ ನಿಂತು ಸೋತರು. ಸಿನೆಮಾದ ಸಾಂಗ್ಲಿಯಾನ ಎಂದೂ ಸೋತವನಲ್ಲ.

ನನ್ನ ತಕರಾರು ಆ ವ್ಯಕ್ತಿಯ ಬಗ್ಗೆ ಅಲ್ಲ, ತೆರೆಯ ಮೇಲಿನ ಆ ಪೊಲೀಸಿನ ಬಗ್ಗೆ. ನ್ಯಾಯಾಲಯ ನಿಧಾನ, ಸಾಕ್ಷಿ ಸುಳ್ಳು, ವಕೀಲ ಕಳ್ಳ, ಆದ್ದರಿಂದ ಒಳ್ಳೆಯ ಅಧಿಕಾರಿಯ ಮುಷ್ಟಿಯೇ ಕಾನೂನು ಎಂದು ಅವನು ಕಲಿಸಿದ. ಶಂಕರ್ ನಾಗ್ ಅವರ ನಗುಮುಖದಲ್ಲಿ ಆ ಪಾಠ ನಿರುಪದ್ರವಿಯಾಗಿ ಕಂಡಿತು. ಅವರ ನಂತರ ಅದೇ ಜಾಡಿನಲ್ಲಿ ಬಂದ ಪೊಲೀಸ್ ಚಿತ್ರಗಳಲ್ಲಿ ನಗುವೂ ಉಳಿಯಲಿಲ್ಲ. ಸಾಹಸ ನಿರ್ದೇಶಕ ಥ್ರಿಲ್ಲರ್ ಮಂಜು ನಿರ್ದೇಶಿಸಿದ, ಸಾಯಿಕುಮಾರ್ ನಟಿಸಿದ ‘ಪೊಲೀಸ್ ಸ್ಟೋರಿ’ (1996) ಬರುವ ಹೊತ್ತಿಗೆ ಕೂಗು, ಬೈಗುಳ, ಬಂದೂಕುಗಳೇ ನಾಯಕನ ಮಾತಾಗಿದ್ದವು. ದೇಶದ ಸಿನೆಮಾದಲ್ಲಿ ಶತ್ರುವಿನ ಮುಖ ಬದಲಾದದ್ದೂ ಇದೇ ಹೊತ್ತಿನಲ್ಲಿ. ಕಳ್ಳಸಾಗಣೆಯ ಖಳನ ಜಾಗಕ್ಕೆ ಗಡ್ಡ, ಟೋಪಿ, ನಮಾಜುಗಳ ಗುರುತಿನ ಭಯೋತ್ಪಾದಕ ಬಂದ. 1992ರ ‘ರೋಜಾ’ದಿಂದ ಆಚೆಗೆ ಇದು ವಾಡಿಕೆಯೇ ಆಯಿತು. ಎನ್‌ಕೌಂಟರ್ ಎಂಬ ಮಾತಿಗೆ ಟಾಕೀಸಿನಲ್ಲಿ ಚಪ್ಪಾಳೆ ಬೀಳುತ್ತದೆ. ಚಪ್ಪಾಳೆ ಹೊಡೆದ ಅದೇ ಆಟೋ ಹುಡುಗ ರಾತ್ರಿ ಹನ್ನೊಂದಕ್ಕೆ ಠಾಣೆಯ ಮುಂದೆ ಹಾದುಹೋಗಲು ಹೆದರುತ್ತಾನೆ. ಹೆಸರೇನು ಎಂದು ಕೇಳಿದಾಗ ಅವನಿಗೆ ಆಗುವ ಅಳುಕು ಎಲ್ಲ ಹುಡುಗರಿಗೂ ಒಂದೇ ಅಲ್ಲ. ಶಂಕರ್ ನಾಗ್ ಇದಕ್ಕೆ ಹೊಣೆ ಎಂದರೆ ಅನ್ಯಾಯವಾದೀತು. ಆ ದಾರಿಗೆ ಜನರ ಪ್ರೀತಿ ತಂದುಕೊಟ್ಟವರಲ್ಲಿ ಅವರೂ ಒಬ್ಬರು ಎಂದು ಹೇಳದಿದ್ದರೆ ಅದೂ ಸುಳ್ಳಾಗುತ್ತದೆ.

ಹೊಡೆದಾಟದ ಸಿನೆಮಾ ಎಂದಾಗ ನಾವು ನಾಯಕನನ್ನೇ ನೋಡುತ್ತೇವೆ. ಅವನಿಂದ ಒದೆಸಿಕೊಂಡು ಮೇಜು ಮುರಿದು ಬೀಳುವವರು ಯಾರು? ನಿಜವಾಗಿ ಮೈಯ ವಿದ್ಯೆ ಬಲ್ಲವರು ಅವರೇ. ಬೀಳುವುದು ಹೊಡೆಯುವುದಕ್ಕಿಂತ ಕಷ್ಟದ ವಿದ್ಯೆ ಎಂದು ತಾಲೀಮಿನಲ್ಲಿ ಮಣ್ಣು ಮುಕ್ಕಿದ ಯಾರನ್ನು ಕೇಳಿದರೂ ಹೇಳುತ್ತಾರೆ. ನಾಯಕನ ಬದಲಿಗೆ ಗಾಜು ಒಡೆದು ಹಾರುವವನ ಮುಖವನ್ನು ಕ್ಯಾಮೆರಾ ಬೇಕೆಂದೇ ತಪ್ಪಿಸುತ್ತದೆ. 2016ರ ನವೆಂಬರ್ 7ರಂದು ತಿಪ್ಪಗೊಂಡನಹಳ್ಳಿ ಜಲಾಶಯದಲ್ಲಿ ‘ಮಾಸ್ತಿಗುಡಿ’ ಚಿತ್ರಕ್ಕಾಗಿ ಹೆಲಿಕಾಪ್ಟರಿನಿಂದ ನೀರಿಗೆ ಹಾರಿದ ಅನಿಲ್ ಮತ್ತು ಉದಯ್ ಎಂಬ ಇಬ್ಬರು ನಟರು ಮೇಲೆ ಬರಲಿಲ್ಲ. ಜೊತೆಗೆ ಹಾರಿದ ನಾಯಕನಟ ಬದುಕಿ ದಡ ಸೇರಿದರು. ಕನ್ನಡದ ತೆರೆಯ ಮೇಲೆ ಮೈಯನ್ನು ಪಣಕ್ಕಿಟ್ಟವರ ಚರಿತ್ರೆ ಬರೆಯುವುದಾದರೆ ಅದು ಬಿರುದುಗಳ ಪಟ್ಟಿಯಿಂದಲ್ಲ, ಇಂತಹ ಹೆಸರುಗಳಿಂದ ಶುರುವಾಗಬೇಕು. ಸಂಬಳಕ್ಕೆ ಸಾಯುವ ಗಂಡುಗಲಿಗಳು ಅವರು.

ಶಂಕರ್ ನಾಗ್ ಮತ್ತೆ ಅಂತಹ ಪಾತ್ರದ ಕಡೆಗೆ ಹೊರಟಿದ್ದರು ಎಂಬುದು ನಮ್ಮ ಸೀಮೆಯವರಿಗೆ ಹೆಚ್ಚು ತಟ್ಟುವ ಸಂಗತಿ. 1990ರ ಸೆಪ್ಟೆಂಬರ್ 30ರ ಬೆಳಗಿನ ಜಾವ ದಾವಣಗೆರೆಯ ಸಮೀಪದ ಆನಗೋಡು ಬಳಿ ಅವರ ಕಾರು ಅಪಘಾತಕ್ಕೀಡಾದಾಗ ಅವರು ಹೋಗುತ್ತಿದ್ದದ್ದು ಲೋಕಾಪುರಕ್ಕೆ, ‘ಜೋಕುಮಾರಸ್ವಾಮಿ’ ಚಿತ್ರೀಕರಣಕ್ಕೆ. ಲೋಕಾಪುರ ಇಂದು ಬಾಗಲಕೋಟೆ ಜಿಲ್ಲೆಯಲ್ಲಿದೆ. ಆಗ ನಮ್ಮದೇ ಬಿಜಾಪುರ ಜಿಲ್ಲೆಯಲ್ಲಿತ್ತು. ಜಿಲ್ಲೆ ಒಡೆದದ್ದು 1997ರಲ್ಲಿ. ಮೂವತ್ತಾರು ತುಂಬಲು ಅವರಿಗೆ ಇನ್ನೂ ನಲವತ್ತು ದಿನ ಬಾಕಿಯಿತ್ತು. ಹೆಂಡತಿ ಅರುಂಧತಿ, ಮಗಳು ಕಾವ್ಯ ಜೊತೆಗಿದ್ದರು, ಬದುಕುಳಿದರು. ಬೆಂಗಳೂರಿನಲ್ಲಿ 2004ರಲ್ಲಿ ಬಾಗಿಲು ತೆರೆದ ರಂಗಶಂಕರವನ್ನು ಅರುಂಧತಿಯವರು ಹೇಗೆ ಕಟ್ಟಿದರು ಎಂಬುದು ಬೇರೆಯೇ ಬರೆಯಬೇಕಾದ ಕಥೆ.

ಚಂದ್ರಶೇಖರ ಕಂಬಾರರ ‘ಜೋಕುಮಾರಸ್ವಾಮಿ’ ಉತ್ತರ ಕರ್ನಾಟಕದ ಬಯಲಾಟದ ಮಟ್ಟಿನಲ್ಲಿ ಕಟ್ಟಿದ ನಾಟಕ. ಅದರಲ್ಲಿ ಊರಿನ ಹೊಲವನ್ನೆಲ್ಲ ಹಿಡಿದುಕೊಂಡ, ಬಂದೂಕು ಹೊತ್ತ, ಮಕ್ಕಳಾಗದ ಗೌಡನಿದ್ದಾನೆ. ಉಳುವವನದೇ ಹೊಲ ಎಂದು ಎದುರು ನಿಲ್ಲುವ ಬಸಣ್ಣನಿದ್ದಾನೆ. ಬಸಣ್ಣನಿಗೆ ಕರಾಟೆ ಬಾರದು, ಬೆನ್ನಿಗೆ ಯಾವ ಪೊಲೀಸೂ ಇಲ್ಲ. ಗೌಡನ ಆಳುಗಳು ಅವನನ್ನು ಕೊಲ್ಲುತ್ತಾರೆ. ಹನ್ನೆರಡು ವರ್ಷ ತೆರೆಯ ಮೇಲೆ ಗೆದ್ದೂ ಗೆದ್ದೂ ದಣಿದ ನಟ, ಜೋಳದ ಹೊಲಗಳ ನಾಡಿನಲ್ಲಿ, ನಮ್ಮ ಭಾಷೆಯಲ್ಲಿ ನಡೆಯುವ ಈ ಜಗಳದ ಕಥೆಗಾಗಿ ರಾತ್ರಿಯೆಲ್ಲ ಪ್ರಯಾಣ ಮಾಡುತ್ತಿದ್ದ. ಆ ಚಿತ್ರದಲ್ಲಿ ಅವರು ಹೇಗೆ ನಡೆದು ಬರುತ್ತಿದ್ದರು ಎಂಬುದನ್ನು ಲೋಕಾಪುರದ ಜನ ನೋಡಲಿಲ್ಲ. ಅವರು ನಟಿಸಿ ಮುಗಿಸಿದ್ದ ಉಳಿದ ಚಿತ್ರಗಳು ಮುಂದಿನ ವರ್ಷವೂ ಬಿಡುಗಡೆಯಾಗುತ್ತಲೇ ಇದ್ದವು, ಹೊಡೆದಾಟಗಳೊಂದಿಗೆ.